ಕಟ್ಟಡ ಕೆಲಸದ ಸಾವುಗಳು: ತಡೆ ಎಲ್ಲಿಂದ ಶುರುವಾಗಬೇಕು

ಕಟ್ಟಡ ಕೆಲಸದಲ್ಲಿ ಸಾವು ಬರುವ ದಾರಿಗಳು ಹೆಚ್ಚಿಲ್ಲ. ಎತ್ತರದಿಂದ ಬೀಳುವುದು, ಮೇಲಿಂದ ಬಿದ್ದ ವಸ್ತುವಿನ ಅಥವಾ ವಾಹನದ ಹೊಡೆತ, ವಿದ್ಯುತ್ ಸ್ಪರ್ಶ, ಕುಸಿದ ಮಣ್ಣು ಇಲ್ಲವೇ ಕಟ್ಟಡದ ಅಡಿ ಸಿಲುಕುವುದು. ಅಮೆರಿಕದ ಕಾರ್ಮಿಕ ಸುರಕ್ಷತಾ ಆಡಳಿತವು ಈ ನಾಲ್ಕನ್ನೇ ಮುಖ್ಯ ಅಪಾಯಗಳೆಂದು ಗುರುತಿಸಿ, ಕಟ್ಟಡ ಕಾರ್ಮಿಕರ ತರಬೇತಿಯನ್ನು ಇವುಗಳ ಸುತ್ತಲೇ ರೂಪಿಸಿದೆ. ಕರ್ನಾಟಕದ ಮಟ್ಟಿಗೆ ಐದನೆಯದೊಂದನ್ನು ಸೇರಿಸಲೇಬೇಕು: ಸಂಪು, ಮ್ಯಾನ್‌ಹೋಲ್‌ಗಳಂಥ ಮುಚ್ಚಿದ ಜಾಗದಲ್ಲಿ ಉಸಿರುಗಟ್ಟಿ ಸಾಯುವುದು.

ಕಾರಣಗಳು ಇಷ್ಟು ಕಡಿಮೆ ಇರುವಾಗ ಅವುಗಳನ್ನು ಒಂದೊಂದಾಗಿ ತಡೆಯುವುದು ಅಸಾಧ್ಯದ ಕೆಲಸವಲ್ಲ. ಆದರೂ ಪ್ರತಿ ಸಾವಿನ ನಂತರ ಕೇಳಿಬರುವ ವಿವರಣೆ ಒಂದೇ: ಕಾರ್ಮಿಕ ಆಯತಪ್ಪಿ ಬಿದ್ದ, ಎಚ್ಚರ ತಪ್ಪಿದ. ದಿನಕ್ಕೆ ಎಂಟು ಹತ್ತು ತಾಸು ಬಿಸಿಲಲ್ಲಿ ಭಾರ ಹೊರುವ ಮನುಷ್ಯ ಒಮ್ಮೆಯಾದರೂ ಆಯ ತಪ್ಪುತ್ತಾನೆ. ಹಾಗೆ ತಪ್ಪಿದಾಗ ಅವನನ್ನು ಹಿಡಿದು ನಿಲ್ಲಿಸುವ ಕಟಕಟೆ ಅಂಚಿನಲ್ಲಿತ್ತೇ ಎಂಬುದೇ ಕೇಳಬೇಕಾದ ಪ್ರಶ್ನೆ. ಆ ಕಟಕಟೆ ಹಾಕಿಸುವ ಅಧಿಕಾರ ಕೂಲಿಯವನ ಕೈಯಲ್ಲಿಲ್ಲ. ಅದು ಮಾಲೀಕ, ಎಂಜಿನಿಯರ್, ಗುತ್ತಿಗೆದಾರ, ಮೇಸ್ತ್ರಿ ಇವರ ಕೈಯಲ್ಲಿದೆ. ಬ್ರಿಟನ್ 1994ರಲ್ಲಿ ತಂದ ನಿಯಮಗಳು ಸುರಕ್ಷತೆಯ ಹೊಣೆಯನ್ನು ಗುತ್ತಿಗೆದಾರನ ಜೊತೆಗೆ ಕಟ್ಟಿಸುವವರ ಮೇಲೂ ವಿನ್ಯಾಸಕಾರರ ಮೇಲೂ ಹೊರಿಸಿದವು. 2012ರ ಒಲಿಂಪಿಕ್ಸ್‌ಗಾಗಿ ಲಂಡನ್‌ನಲ್ಲಿ ಕಟ್ಟಿದ ವಿಶಾಲ ಒಲಿಂಪಿಕ್ ಪಾರ್ಕ್‌ನ ನಿರ್ಮಾಣ ಒಂದೂ ಸಾವಿಲ್ಲದೆ ಮುಗಿಯಿತು. ಅಲ್ಲಿ ಸಾಧ್ಯವಾದದ್ದು ಮೂವತ್ತು ನಲವತ್ತರ ಸೈಟಿನಲ್ಲಿ ಎದ್ದು ನಿಲ್ಲುವ ಮನೆಗೂ ಸಾಧ್ಯ.

ಕೆಲಸ ಶುರುವಾಗುವ ಮೊದಲು

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. 2024ರ ಅಕ್ಟೋಬರ್ 22ರಂದು, ಮಳೆಯ ದಿನಗಳಲ್ಲಿ, ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಇನ್ನೂ ಪೂರ್ತಿಯಾಗದ ಕಟ್ಟಡವೊಂದು ನೆಲಸಮವಾಗಿ ಒಳಗಿದ್ದ ಕಾರ್ಮಿಕರು ಅವಶೇಷಗಳಡಿ ಸಿಕ್ಕಿಕೊಂಡರು. ಇಂಥ ಕುಸಿತದಲ್ಲಿ ಒಳಗಿರುವ ಕೂಲಿಯವನು ಹೆಲ್ಮೆಟ್ ಹಾಕಿದ್ದನೋ ಇಲ್ಲವೋ ಎಂಬುದರಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಅವನ ಪ್ರಾಣದ ನಿರ್ಧಾರ ಪಾಯ ಮತ್ತು ಕಾಲಂಗಳ ಲೆಕ್ಕ ಹಾಕುವಾಗಲೇ ಆಗಿಬಿಟ್ಟಿರುತ್ತದೆ.

ಎರಡು ಅಂತಸ್ತಿಗೆಂದು ಹಾಕಿದ ಪಾಯದ ಮೇಲೆ ಬಾಡಿಗೆಯ ಆಸೆಗೆ ನಾಲ್ಕು ಅಂತಸ್ತು ಏರಿಸುವುದು ನಗರಗಳಲ್ಲಿ ಮಾಮೂಲಾಗಿಬಿಟ್ಟಿದೆ. ಪರವಾನಗಿಯಲ್ಲಿ ಇಲ್ಲದ ಅಂತಸ್ತು ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳುವ ಕಾಗದದ ವಿಷಯವಷ್ಟೇ ಎಂದು ಹಲವರು ತಿಳಿದಿದ್ದಾರೆ. ದಂಡ ಕಟ್ಟಿದ ಮಾತ್ರಕ್ಕೆ ಕಾಲಂ ದಪ್ಪವಾಗುವುದಿಲ್ಲ. ಮಣ್ಣಿನ ಪರೀಕ್ಷೆ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ನಕ್ಷೆ, ಅದರಲ್ಲಿ ಬರೆದಷ್ಟೇ ಅಂತಸ್ತು, ಈ ಮೂರರಲ್ಲಿ ರಾಜಿ ಕೂಡದು. ಮುಂದೆಂದಾದರೂ ಇನ್ನೊಂದು ಅಂತಸ್ತು ಬೇಕೆನಿಸಬಹುದು ಎಂದಾದರೆ ಅದನ್ನು ಪಾಯ ತೆಗೆಯುವ ಮೊದಲೇ ಎಂಜಿನಿಯರಿಗೆ ಹೇಳಬೇಕು. ಆಗ ತಗಲುವ ಹೆಚ್ಚುವರಿ ಖರ್ಚು ಒಟ್ಟು ವೆಚ್ಚದ ಮುಂದೆ ಸಣ್ಣದು.

ಎರಡನೆಯದು ಒಪ್ಪಂದ. ಮನೆ ಕೆಲಸ ಬಹುತೇಕ ಚದರ ಅಡಿ ದರದ ಮೇಲೆ ನಡೆಯುತ್ತದೆ. ಮೂರು ನಾಲ್ಕು ಮೇಸ್ತ್ರಿಗಳನ್ನು ಕೇಳಿ ಕಡಿಮೆ ದರ ಹೇಳಿದವನಿಗೆ ಕೆಲಸ ಕೊಡುತ್ತಾರೆ. ದರ ಇಳಿಸಿದವನು ಸಿಮೆಂಟು ಕಬ್ಬಿಣದಲ್ಲಿ ಕಡಿಮೆ ಮಾಡಿದರೆ ಮಾಲೀಕನ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಅವನು ಕಡಿಮೆ ಮಾಡುವುದು ಕಣ್ಣಿಗೆ ಬೀಳದ ಜಾಗದಲ್ಲಿ: ತಾರಸಿಗೆ ಆಸರೆ ಕೊಡುವ ಜಾಕಿಗಳ ಸಂಖ್ಯೆ, ಸಾರವೆಯ ಹಲಗೆ, ಅಂಚಿನ ಕಟಕಟೆ, ವಿದ್ಯುತ್ ಬೋರ್ಡು. ಇದಕ್ಕೆ ಪರಿಹಾರ ಸರಳವಾಗಿದೆ. ಸಾರವೆ, ಕಟಕಟೆ, ಗುಂಡಿಯ ಆಸರೆ, ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇರುವ ತಾತ್ಕಾಲಿಕ ಬೋರ್ಡು, ಹೆಲ್ಮೆಟ್, ಬೆಲ್ಟ್, ಇವೆಲ್ಲವನ್ನೂ ಚದರ ಅಡಿ ದರದಿಂದ ಹೊರಗಿಟ್ಟು ಬೇರೆ ಬಾಬ್ತಾಗಿ ಬರೆದು, ಮಾಲೀಕನೇ ಅದಕ್ಕೆ ಹಣ ಕೊಡಬೇಕು. ಬೇರೆಯಾಗಿ ಹಣ ಕೊಟ್ಟ ಮೇಲೆ ಸಾಮಾನು ಸೈಟಿಗೆ ಬಂತೇ ಎಂದು ಕೇಳುವ ಹಕ್ಕೂ ಅವನಿಗೆ ಬರುತ್ತದೆ.

ಅವಸರವೂ ಕೊಲ್ಲುತ್ತದೆ. ಆಷಾಢ ಬರುವುದರೊಳಗೆ ತಾರಸಿಯ ಮೋಲ್ಡ್ ಆಗಲೇಬೇಕು, ಇಂಥ ಮುಹೂರ್ತಕ್ಕೆ ಗೃಹಪ್ರವೇಶ ಎಂದು ಕೆಲಸ ಅರ್ಧದಲ್ಲಿರುವಾಗಲೇ ದಿನ ಗೊತ್ತು ಮಾಡಿಬಿಟ್ಟರೆ, ಏಳು ದಿನ ನಿಲ್ಲಬೇಕಾದ ಜಾಕಿ ಐದನೇ ದಿನಕ್ಕೆ ಇಳಿಯುತ್ತದೆ. ಮೇಲೆ ಪ್ಲಾಸ್ಟರಿಂಗ್ ನಡೆಯುವಾಗಲೇ ಕೆಳಗೆ ಟೈಲ್ಸ್‌ನವರು ಕೂರುತ್ತಾರೆ. ಗಾರೆ ಕೆಲಸ ಪೂರ್ತಿ ಮುಗಿಯುವವರೆಗೆ ಗೃಹಪ್ರವೇಶದ ದಿನ ನಿಶ್ಚಯಿಸದಿರುವುದು ಮಾಲೀಕನು ಖರ್ಚಿಲ್ಲದೆ ಕೈಗೊಳ್ಳಬಹುದಾದ ಒಳ್ಳೆಯ ಸುರಕ್ಷತಾ ಕ್ರಮ.

ಪಾಯದ ಗುಂಡಿ

ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಯವರೆಗೆ ಮಣ್ಣು ಮುಚ್ಚಿಕೊಂಡ ಮನುಷ್ಯ ತಲೆ ಹೊರಗಿದ್ದರೂ ಬದುಕದಿರಬಹುದು, ಏಕೆಂದರೆ ಉಸಿರೆಳೆಯಲು ಎದೆಗೂಡು ಹಿಗ್ಗಲು ಆ ಭಾರ ಬಿಡುವುದಿಲ್ಲ. ಗುಂಡಿ ಆಳವಿಲ್ಲ ಎಂಬ ಧೈರ್ಯ ಸುಳ್ಳು ಎನ್ನುವುದು ಇದಕ್ಕೇ.

ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ಸಂಹಿತೆಯ ನಿಯಮಗಳು ಸ್ಪಷ್ಟವಾಗಿವೆ. ಒಂದೂವರೆ ಮೀಟರ್, ಅಂದರೆ ಸುಮಾರು ಐದು ಅಡಿ ಅಥವಾ ಹೆಚ್ಚು ಆಳದ ಗುಂಡಿಯ ಗೋಡೆಗಳನ್ನು ಇಳಿಜಾರಾಗಿ, ಮೆಟ್ಟಿಲಿನಂತೆ ಕಡಿಯಬೇಕು. ಜಾಗವಿಲ್ಲದಿದ್ದರೆ ಹಲಗೆ ಮತ್ತು ಅಡ್ಡಮರಗಳ ಆಸರೆ ಕೊಡಬೇಕು. ತೆಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರ್ ಅಥವಾ ಗುಂಡಿಯ ಆಳದ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ಕೆಳಗಿನಿಂದ ಕೊರೆದು ಮೇಲಿನ ಮಣ್ಣು ತಾನಾಗಿ ಬೀಳಲಿ ಎಂದು ಬಿಡುವುದಂತೂ ಯಾವ ಕಾರಣಕ್ಕೂ ಕೂಡದು. ಪ್ರತಿ 30 ಮೀಟರ್ ಉದ್ದಕ್ಕೆ ಒಂದಾದರೂ ಏಣಿ, ಅದೂ ನೆಲದಿಂದ ಮೂರು ಅಡಿ ಮೇಲೆ ಚಾಚಿಕೊಂಡಿರುವಂಥದ್ದು ಇರಬೇಕು. ಸೈಟುಗಳಲ್ಲಿ ಸಾಮಾನ್ಯವಾಗಿ ಮುರಿಯುವುದು ಮಣ್ಣಿನ ರಾಶಿಯ ನಿಯಮವನ್ನು. ಜೆಸಿಬಿಯವನಿಗೆ ಬಕೆಟ್ ತಿರುಗಿಸಿ ಪಕ್ಕದಲ್ಲೇ ಸುರಿಯುವುದು ಸುಲಭ, ಸೈಟಿನಲ್ಲಿ ಜಾಗವೂ ಇರುವುದಿಲ್ಲ. ಹೀಗೆ ಅಂಚಿನ ಮೇಲೆ ಹೇರಿದ ಭಾರವೇ ಆ ಅಂಚನ್ನು ಕೆಡವುತ್ತದೆ. ಜಾಗವಿಲ್ಲದಿದ್ದರೆ ಟಿಪ್ಪರ್ ತರಿಸಿ ಮಣ್ಣು ಸಾಗಿಸುವುದೊಂದೇ ದಾರಿ.

ಮಳೆ ಬಂದ ಮಾರನೇ ದಿನ ಗುಂಡಿಗೆ ಇಳಿಯುವ ಮುನ್ನ ಅನುಭವಿಯೊಬ್ಬರು ಅಂಚಿನುದ್ದಕ್ಕೂ ನಡೆದು ಬಿರುಕು ಬಿಟ್ಟಿದೆಯೇ, ಬುಡದಲ್ಲಿ ನೀರು ಜಿನುಗುತ್ತಿದೆಯೇ ಎಂದು ನೋಡಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಗುಡ್ಡ ಕಡಿದು ಸಮತಟ್ಟು ಮಾಡುವ ಸೈಟುಗಳಲ್ಲಿ ಈ ಎಚ್ಚರ ಇಮ್ಮಡಿ ಬೇಕು. ಬೇಸಿಗೆಯಲ್ಲಿ ಕಲ್ಲಿನಂತೆ ನಿಂತ ಕಡಿತ ಜೂನ್ ಜುಲೈನಲ್ಲಿ ನೀರು ಕುಡಿದು ಒಮ್ಮೆಲೇ ಜಾರುತ್ತದೆ. ಪಕ್ಕದ ಮನೆಯ ಕಾಂಪೌಂಡ್ ಗೋಡೆಯ ಬುಡ ಬಿಚ್ಚಿಕೊಳ್ಳುವಷ್ಟು ಹತ್ತಿರ ಅಗೆಯುವುದಾದರೆ ಮೊದಲು ಆ ಗೋಡೆಗೆ ಆಸರೆ ಕೊಡಬೇಕು. ಕಾರ್ಮಿಕರ ಶೆಡ್ಡುಗಳನ್ನು ಇಂಥ ಗೋಡೆಗೆ ಆನಿಸಿ ಕಟ್ಟಲೇಬಾರದು. 2019ರ ಜೂನ್ ಕೊನೆಯಲ್ಲಿ ಪುಣೆಯ ಕೋಂಢ್ವಾದಲ್ಲಿ ಮಳೆಗೆ ನೆನೆದ ಕಾಂಪೌಂಡ್ ಗೋಡೆ ರಾತ್ರಿ ಹೊತ್ತು ಶೆಡ್ಡುಗಳ ಮೇಲೆ ಬಿದ್ದು 15 ಜನ ಸತ್ತರು. ಕೆಲಸದಲ್ಲಿ ಪಾರಾದವರನ್ನು ನಿದ್ದೆಯಲ್ಲಿ ಕೊಂದ ಗೋಡೆ ಅದು.

ಸೆಂಟ್ರಿಂಗ್ ಮತ್ತು ಮೋಲ್ಡ್

ಹಸಿ ಕಾಂಕ್ರೀಟ್ ತನ್ನನ್ನು ತಾನು ಹೊರಲಾರದು. ಮೊದಲ ಕೆಲವು ದಿನ ಇಡೀ ತಾರಸಿ ನಿಂತಿರುವುದು ಜಾಕಿಗಳ ಮೇಲೆ. ಆ ಭಾರ ಎಷ್ಟೆಂದು ಲೆಕ್ಕ ಹಾಕಿ ನೋಡಿದವರು ಕಡಿಮೆ. ಐದು ಇಂಚು ದಪ್ಪದ ತಾರಸಿಯ ಒಂದು ಚದರ ಅಡಿ ಸುಮಾರು 30 ಕೆ.ಜಿ. ತೂಗುತ್ತದೆ. ಸಾವಿರ ಚದರ ಅಡಿಯ ತಾರಸಿ ಎಂದರೆ 30 ಟನ್, ಅದರ ಮೇಲೆ ಓಡಾಡುವ ಜನ, ವೈಬ್ರೇಟರ್, ಗುಡ್ಡೆ ಹಾಕಿದ ಮಾಲು ಬೇರೆ. ಮೂರು ಅಡಿಗೊಂದರಂತೆ ಜಾಕಿ ನಿಲ್ಲಿಸಿದರೆ ಒಂದೊಂದರ ಪಾಲಿಗೆ ಒಂಬತ್ತು ಚದರ ಅಡಿ, ಅಂದರೆ 270 ಕೆ.ಜಿ. ಬರುತ್ತದೆ. ಜಾಕಿ ಉಳಿಸಲು ಅಂತರವನ್ನು ಐದು ಅಡಿಗೆ ಹೆಚ್ಚಿಸಿದರೆ ಪಾಲು 25 ಚದರ ಅಡಿಗೇರಿ, ಭಾರ 750 ಕೆ.ಜಿ. ಆಗುತ್ತದೆ. ಅಂತರ ಎರಡು ಪಟ್ಟೂ ಆಗಿಲ್ಲ, ಭಾರ ಮೂರು ಪಟ್ಟಿನ ಹತ್ತಿರ ಬಂತು.

ಜಾಕಿಗಳು ಹಸಿ ಮಣ್ಣಿನ ಮೇಲಾಗಲಿ, ಒಂದರ ಮೇಲೊಂದು ಪೇರಿಸಿದ ಇಟ್ಟಿಗೆ ತುಂಡುಗಳ ಮೇಲಾಗಲಿ ನಿಲ್ಲಬಾರದು. ಪ್ರತಿಯೊಂದರ ಅಡಿಗೂ ಅಗಲ ಹಲಗೆ ಬೇಕು. ತುಂಬಿದ ಮಣ್ಣಾದರೆ ಮೊದಲು ದಿಮ್ಮಿಸಿ ಗಟ್ಟಿ ಮಾಡಿರಬೇಕು. ತೂಗುಗುಂಡು ಹಿಡಿದು ನೋಡಿದಾಗ ಜಾಕಿ ನೇರವಾಗಿರಬೇಕು. ಸರ್ವೆ ಅಥವಾ ನೀಲಗಿರಿ ಕಂಬ ಬಳಸುವ ಕಡೆ ಎರಡು ಗಿಡ್ಡ ಕಂಬಗಳನ್ನು ಮೊಳೆ ಹೊಡೆದು ಜೋಡಿಸಿ ಎತ್ತರ ಮಾಡುವ ರೂಢಿ ತುಂಬ ಅಪಾಯಕಾರಿ, ಏಕೆಂದರೆ ಭಾರ ಬಿದ್ದಾಗ ಆ ಜೋಡಣೆಯೇ ಮೊದಲು ಮಡಚಿಕೊಳ್ಳುತ್ತದೆ. ಉದ್ದನೆಯ ಕಂಬ ಮುರಿಯುವ ಮೊದಲು ಬಾಗುತ್ತದೆ, ಬಾಗುವುದು ಹೆಚ್ಚಾಗಿ ನಡುವಿನಲ್ಲಿ. ಅಲ್ಲಿ ಎರಡೂ ದಿಕ್ಕಿಗೆ ಅಡ್ಡಪಟ್ಟಿ, ಓರೆಪಟ್ಟಿ ಕಟ್ಟಿದರೆ ಅದೇ ಕಂಬ ಹಲವು ಪಟ್ಟು ಹೆಚ್ಚು ಭಾರ ತಡೆಯುತ್ತದೆ. ಎರಡು ಅಂತಸ್ತಿನಷ್ಟು ಎತ್ತರದ ಪೋರ್ಟಿಕೋ, ದೇವಸ್ಥಾನದ ಮಂಟಪ, ಕಲ್ಯಾಣ ಮಂಟಪದ ಹಾಲ್ ಇಂಥ ಕಡೆ ಸೆಂಟ್ರಿಂಗನ್ನು ಮೇಸ್ತ್ರಿಯ ಅಂದಾಜಿಗೆ ಬಿಡದೆ ಎಂಜಿನಿಯರ್ ಲೆಕ್ಕ ಹಾಕಿ ನಕ್ಷೆ ಕೊಡಬೇಕು.

ಮೋಲ್ಡ್ ಹಾಕುವ ದಿನ ಬೆಳಿಗ್ಗೆ ಪೂಜೆಗೆ ಮೊದಲು ಎಂಜಿನಿಯರ್ ಕೆಳಗಿಳಿದು ಒಂದೊಂದು ಜಾಕಿಯನ್ನೂ ಕೈಯಿಂದ ಅಲುಗಿಸಿ ನೋಡಬೇಕು. ಅಲುಗುವ ಜಾಕಿ ಭಾರ ಹೊರುತ್ತಿಲ್ಲ, ಅದರ ಪಾಲು ಪಕ್ಕದ್ದರ ಮೇಲೆ ಬಿದ್ದಿದೆ ಎಂದರ್ಥ. ಕಾಂಕ್ರೀಟನ್ನು ಒಂದೇ ಕಡೆ ಗುಡ್ಡೆ ಹಾಕಿ ಆಮೇಲೆ ಹರಡುವುದು ಬೇಡ. ಪಂಪಿನಿಂದ ಸುರಿಯುವಾಗ ಇದು ಕ್ಷಣಾರ್ಧದಲ್ಲಿ ಆಗಿಬಿಡುತ್ತದೆ. ಕೆಲಸ ನಡೆಯುವಷ್ಟು ಹೊತ್ತು ತಾರಸಿಯ ಅಡಿಯಲ್ಲಿ ಯಾರೂ ಇರಕೂಡದು. ಜಾಕಿ ಗಮನಿಸುವವನೂ ಹೊರಗೆ ನಿಂತೇ ನೋಡಬೇಕು. ಎಲ್ಲಾದರೂ ಜಗ್ಗಿದಂತೆ ಕಂಡರೆ ಒಳಗೆ ಓಡಿ ಹೊಸ ಜಾಕಿ ಕೊಡಲು ಹೋಗದೆ, ಮೇಲಿನವರನ್ನು ಇಳಿಸಬೇಕು. ಮೋಲ್ಡ್ ಬೆಳಿಗ್ಗೆ ಬೇಗ ಶುರುವಾದರೆ ಬೆಳಕಿರುವಾಗಲೇ ಮುಗಿಯುತ್ತದೆ. ರಾತ್ರಿ ದಣಿದ ಮೈಯಲ್ಲಿ, ಒಂದೇ ಬಲ್ಬಿನ ಬೆಳಕಿನಲ್ಲಿ ಮುಗಿಸುವ ಮೋಲ್ಡ್‌ನಲ್ಲಿ ಎಡವುವವರು ಹೆಚ್ಚು.

ಸೆಂಟ್ರಿಂಗ್ ಬಿಚ್ಚುವ ಅವಧಿಯನ್ನು ಭಾರತೀಯ ಮಾನಕ ಐಎಸ್ 456 ನಿಗದಿ ಮಾಡಿದೆ. ತಾರಸಿಯ ವ್ಯಾಪ್ತಿ ನಾಲ್ಕೂವರೆ ಮೀಟರ್‌ವರೆಗೆ ಇದ್ದರೆ ಜಾಕಿ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ನಿಲ್ಲಬೇಕು. ಬೀಮಿನ ಅಡಿಯವು ಆರು ಮೀಟರ್‌ವರೆಗೆ 14 ದಿನ, ಅದರಾಚೆಗೆ 21 ದಿನ. ಇವು ಕನಿಷ್ಠ ಅವಧಿಗಳು, ಅದೂ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ. ಮನೆ ಕೆಲಸಕ್ಕೆ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟು ನಿಧಾನವಾಗಿ ಬಲ ಪಡೆಯುವುದರಿಂದ ಇನ್ನಷ್ಟು ದಿನ ಬಿಡುವುದು ಕ್ಷೇಮ. ಬಾಡಿಗೆ ಏರುತ್ತದೆ ಎಂದು ಸೆಂಟ್ರಿಂಗ್‌ನವರು ಒತ್ತಾಯಿಸುತ್ತಾರೆ. ಆ ಬಾಡಿಗೆ ಕೊಟ್ಟುಬಿಡುವುದೇ ಸರಿ. ಮೇಲಿನ ಅಂತಸ್ತಿನ ಮೋಲ್ಡ್ ಹಾಕುವಾಗ ಕೆಳಗಿನ ಹೊಸ ತಾರಸಿಯೇ ಆ ಭಾರವನ್ನೂ ಹೊರಬೇಕಾಗುತ್ತದೆ. ಆದ್ದರಿಂದ ಕೆಳಗಿನ ಜಾಕಿಗಳನ್ನು ತೆಗೆಯುವುದಕ್ಕೆ ಎಂಜಿನಿಯರ್ ಒಪ್ಪಿಗೆ ಬೇಕೇ ಬೇಕು.

ಎತ್ತರದ ಕೆಲಸ

ತೆರೆದ ಅಂಚು, ಲಿಫ್ಟಿನ ಗೂಡು, ಕಟಕಟೆಯಿಲ್ಲದ ಮೆಟ್ಟಿಲು, ಪೈಪಿಗೆಂದು ಬಿಟ್ಟ ತೂತು. ಬೀಳುವ ಜಾಗಗಳು ಇವೇ, ಎಲ್ಲ ಸೈಟಿನಲ್ಲೂ ಇವೇ. ತಾರಸಿ ಗಟ್ಟಿಯಾದ ದಿನವೇ ಸುತ್ತ ಮೂರು ಅಡಿ ಎತ್ತರಕ್ಕೆ, ನಡುವೆ ಇನ್ನೊಂದು ಅಡ್ಡಪಟ್ಟಿ ಸೇರಿಸಿ, ಪೈಪಿನ ಕಟಕಟೆ ಹಾಕಬೇಕು. ಪ್ಯಾರಪೆಟ್ ಕಟ್ಟುವವರೆಗೆ ಕಾಯಬಾರದು. ತೂತುಗಳನ್ನು ಪ್ಲೈವುಡ್‌ನಿಂದ ಮುಚ್ಚಿ ಮೊಳೆ ಹೊಡೆಯಬೇಕು. ಸುಮ್ಮನೆ ಮೇಲಿಟ್ಟ ಹಲಗೆ ಬರಿಯ ತೂತಿಗಿಂತ ಕೆಟ್ಟದ್ದು, ಏಕೆಂದರೆ ಅದನ್ನು ಎತ್ತಿಕೊಂಡು ಒಂದು ಹೆಜ್ಜೆ ಮುಂದಿಟ್ಟವನಿಗೆ ಕಾಲಡಿ ಏನಿದೆ ಎಂಬುದು ಕಾಣುವುದಿಲ್ಲ.

ಸಾರವೆಯ ಮೇಲೆ ಒಂದೇ ಹಲಗೆ ಹಾಸಿ ಪ್ಲಾಸ್ಟರಿಂಗ್ ಮಾಡುವ ದೃಶ್ಯ ಎಲ್ಲ ಊರಲ್ಲೂ ಕಾಣುತ್ತದೆ. ಕರಣೆ ಎಳೆಯುತ್ತ ಹಿಂದಕ್ಕೆ ವಾಲಿದವನ ಬೆನ್ನಿಗೆ ಬರೀ ಗಾಳಿ. 3.6 ಮೀಟರ್ ಮೀರಿದ ಎತ್ತರದ ಸಾರವೆಗೆ ಕನಿಷ್ಠ ಮೂರು ಅಡಿಯ ಕಟಕಟೆ ಇರಬೇಕು, ಸಾರವೆಯನ್ನು ಕಟ್ಟಡಕ್ಕೆ ಬಿಗಿಯಾಗಿ ಕಟ್ಟಿರಬೇಕು ಎಂದು ಲೋಕೋಪಯೋಗಿ ಸಂಹಿತೆ ಹೇಳುತ್ತದೆ. ಹಲಗೆಗಳು ಸಾರವೆಯ ಅಗಲವನ್ನು ಪೂರ್ತಿ ತುಂಬಬೇಕು, ಎರಡೂ ತುದಿಗಳನ್ನು ಕಟ್ಟಿರಬೇಕು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯ ಗಾಳಿಗೆ ಸಾರವೆಯ ಗಂಟುಗಳು ಸಡಿಲವಾಗುತ್ತವೆ. ಅಂಥ ಗಾಳಿ ಬೀಸಿದ ಮೇಲೆ ಪ್ರತಿ ಗಂಟನ್ನೂ ನೋಡದೆ ಯಾರನ್ನೂ ಹತ್ತಿಸಬಾರದು.

ಸೇಫ್ಟಿ ಬೆಲ್ಟಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಸೊಂಟಕ್ಕೆ ಮಾತ್ರ ಬಿಗಿಯುವ ಹಳೆಯ ಬೆಲ್ಟು ಬೀಳುವವನ ಬೆನ್ನುಮೂಳೆಯನ್ನೇ ಮುರಿಯಬಲ್ಲದು. ತೊಡೆ ಭುಜಗಳನ್ನೆಲ್ಲ ಹಿಡಿಯುವ ಪೂರ್ಣ ಹಾರ್ನೆಸ್ ಮಾತ್ರ ಬಳಸಬೇಕು. ಅದಕ್ಕೂ ಮಿತಿಯಿದೆ. ಆಘಾತ ತಗ್ಗಿಸುವ ಮಡಿಕೆಯಿರುವ ಹಗ್ಗದ ಉದ್ದ ಸುಮಾರು ಆರು ಅಡಿ. ಭಾರ ಬಿದ್ದಾಗ ಮಡಿಕೆ ಬಿಚ್ಚಿಕೊಂಡು ಅದು ಇನ್ನೂ ಐದಾರು ಅಡಿಯವರೆಗೂ ಉದ್ದವಾಗಬಹುದು. ಬಿದ್ದವನ ಮೈಯುದ್ದವೂ ಸೇರಿದರೆ, ಹಗ್ಗ ಕಟ್ಟಿದ ಜಾಗದಿಂದ ಕೆಳಗೆ ಹತ್ತಿರ ಹತ್ತಿರ ಇಪ್ಪತ್ತು ಅಡಿ ಖಾಲಿ ಇದ್ದರೆ ಮಾತ್ರ ಅದು ಕಾಪಾಡುತ್ತದೆ. ಹತ್ತು ಅಡಿ ಎತ್ತರದ ಮೊದಲ ತಾರಸಿಯಲ್ಲಿ, ಕಾಲಿನ ಮಟ್ಟದ ಕಂಬಿಗೆ ಕೊಂಡಿ ಸಿಕ್ಕಿಸಿದವನನ್ನು ಬೆಲ್ಟ್ ಹಿಡಿಯುವ ಮೊದಲೇ ನೆಲ ಹಿಡಿಯುತ್ತದೆ. ಆದ್ದರಿಂದ ಚಿಕ್ಕ ಕಟ್ಟಡಗಳಲ್ಲಿ ಬೆಲ್ಟಿಗಿಂತ ಕಟಕಟೆಯೇ ಮೇಲು. ಬೆಲ್ಟ್ ಹಾಕಲೇಬೇಕಾದ ಕಡೆ ಕೊಂಡಿ ತಲೆಗಿಂತ ಮೇಲೆ, ಗಟ್ಟಿ ಕಾಲಂ ಅಥವಾ ಬೀಮಿಗೆ ಸಿಕ್ಕಿಸಿರಬೇಕು. ಸಾರವೆಯ ಕಂಬಕ್ಕೆ ಸಿಕ್ಕಿಸಿದರೆ ಸಾರವೆಯೊಂದಿಗೆ ಮನುಷ್ಯನೂ ಹೋಗುತ್ತಾನೆ. ಸಾಮಾನು ಎತ್ತುವ ಲಿಫ್ಟ್ ಮಿಷನ್ನಿನಲ್ಲಿ ಜನ ಹತ್ತಿಕೊಂಡು ಹೋಗುವುದನ್ನು ಮೊದಲ ದಿನವೇ ನಿಲ್ಲಿಸಬೇಕು.

ವಿದ್ಯುತ್

ಕಬ್ಬಿಣದ ಸರಳು 12 ಮೀಟರ್ ಉದ್ದ ಬರುತ್ತದೆ, ಅಂದರೆ ಸುಮಾರು 40 ಅಡಿ. ಅದನ್ನು ರಸ್ತೆಯಿಂದ ಮೇಲಿನ ತಾರಸಿಗೆ ನಿಲುವಾಗಿ ಎತ್ತಿ ತಿರುಗಿಸುವಾಗ ಮನೆ ಮುಂದಿನ 11 ಕೆ.ವಿ. ಲೈನಿಗೆ ತಾಗಿದರೆ ಸರಳು ಹಿಡಿದ ಯಾರೂ ಉಳಿಯುವುದಿಲ್ಲ. 11 ಕೆ.ವಿ. ಲೈನಿಗೂ ಕಟ್ಟಡಕ್ಕೂ ಅಡ್ಡಲಾಗಿ 1.2 ಮೀಟರ್, ಲೈನು ಮೇಲೆ ಹಾದುಹೋದರೆ ಲಂಬವಾಗಿ 3.7 ಮೀಟರ್ ಅಂತರ ಇರಬೇಕೆಂಬುದು ನಿಯಮ. ಈ ಅಂತರ ಗೋಡೆಗೆ ಸಾಕು, ನಲವತ್ತಡಿ ಸರಳು ತಿರುಗಿಸುವ ಕೈಗಳಿಗೆ ಸಾಲದು. ಲೈನ್ ಹತ್ತಿರವಿದ್ದರೆ ಎಸ್ಕಾಂ ಕಚೇರಿಗೆ ಬರೆದುಕೊಟ್ಟು, ಆ ಹೊತ್ತಿಗೆ ಲೈನ್ ಕ್ಲಿಯರ್, ಅಂದರೆ ಲೈನಿನ ವಿದ್ಯುತ್ ಕಡಿತ, ಪಡೆಯಬೇಕು. ಅದಾಗದಿದ್ದರೆ ಸರಳುಗಳನ್ನು ಕೆಳಗೇ ಕತ್ತರಿಸಿ, ಲೈನಿಲ್ಲದ ಕಡೆಯಿಂದ ಮೇಲೆ ಸಾಗಿಸಬೇಕು. ಕಾಂಕ್ರೀಟ್ ಪಂಪಿನ ತೋಳು, ಕ್ರೇನು, ಬೋರ್‌ವೆಲ್ ಲಾರಿ, ಅಲ್ಯೂಮಿನಿಯಂ ಏಣಿಗಳಿಗೂ ಇದೇ ಮಾತು.

ಸೈಟಿನೊಳಗಿನ ಅಪಾಯ ಬೇರೆ ಬಗೆಯದು. ಪ್ಲಗ್ ಇಲ್ಲದೆ ವೈರಿನ ತುದಿ ಸುಲಿದು ಸಾಕೆಟ್ಟಿಗೆ ತುರುಕಿ, ಬೀಳದಂತೆ ಬೆಂಕಿಕಡ್ಡಿ ಸಿಕ್ಕಿಸಿರುತ್ತಾರೆ. ಅದೇ ವೈರು ಕ್ಯೂರಿಂಗ್ ನೀರಿನಲ್ಲಿ, ಸರಳುಗಳ ಜಾಲರಿಯ ಮೇಲೆ ಹರಿದಾಡುತ್ತದೆ. ಬರಿಗಾಲಿನವನು ಒದ್ದೆ ಕೈಯಲ್ಲಿ ವೈಬ್ರೇಟರ್ ಹಿಡಿಯುತ್ತಾನೆ. ತಾತ್ಕಾಲಿಕ ಸಂಪರ್ಕ ತೆಗೆದುಕೊಂಡ ದಿನವೇ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ, ಸೋರುವ ವಿದ್ಯುತ್ ಮೈ ಮೂಲಕ ನೆಲ ಸೇರಲು ತೊಡಗಿದ ಕೂಡಲೇ ಅದು ಸಂಪರ್ಕ ಕಡಿಯುತ್ತದೆ. ಮುಂದೆ ಮನೆಗೂ ಅದು ಬೇಕಾದ ಸಾಧನವೇ. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ವಾರಕ್ಕೊಮ್ಮೆ ಒತ್ತಿ ನೋಡಬೇಕು. ಅರ್ತಿಂಗ್ ಸರಿಯಾಗಿರಬೇಕು, ವೈರುಗಳು ಕಂಬದಿಂದ ಕಂಬಕ್ಕೆ ಮೇಲೆ ಹೋಗಬೇಕು, ವೈಬ್ರೇಟರ್ ಹಿಡಿಯುವವನಿಗೆ ಗಮ್ ಬೂಟು ಮತ್ತು ರಬ್ಬರ್ ಕೈಗವಸು ಕೊಡಬೇಕು. ಹೊರಗಿನ 11 ಕೆ.ವಿ. ಲೈನ್ ತಾಗಿದಾಗ ಮಾತ್ರ ಮನೆಯ ಆರ್‌ಸಿಸಿಬಿಯಿಂದ ಯಾವ ಪ್ರಯೋಜನವೂ ಇಲ್ಲ.

ಸಂಪಿನೊಳಗಿನ ಗಾಳಿ

ಹೊಸ ಸಂಪಿನಲ್ಲಿ ವಿಷವೇನಿದೆ ಎಂದು ಎಲ್ಲರೂ ಕೇಳುತ್ತಾರೆ. ಕೊಳಚೆ ಇಲ್ಲ, ಅನಿಲ ಇಲ್ಲ, ಕಟ್ಟಿ ಹದಿನೈದು ಇಪ್ಪತ್ತು ದಿನವಾಗಿದೆ ಅಷ್ಟೆ. ಆದರೆ ಅದರ ಮುಚ್ಚಳದ ತೂತು ಎರಡಡಿ ಚೌಕ. ಒಳಗೆ ಸೆಂಟ್ರಿಂಗ್ ಹಲಗೆಗಳು, ಕಂಬಗಳು, ತಳದಲ್ಲಿ ನಿಂತ ಕ್ಯೂರಿಂಗ್ ನೀರು. ಒದ್ದೆ ಮರ ಕೊಳೆಯತೊಡಗಿದಾಗ ಅಲ್ಲಿನ ಆಮ್ಲಜನಕವನ್ನು ಹೀರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ಉಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಹೊರಗಿನ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಭಾಗ ಇರುವ ಆಮ್ಲಜನಕ 19.5ಕ್ಕಿಂತ ಕೆಳಗಿಳಿದರೆ ಅದು ಕೆಲಸ ಮಾಡಬಾರದ ಜಾಗ. ಹತ್ತರ ಆಸುಪಾಸಿಗೆ ಬಂದರೆ ಇಳಿದವನು ಕೂಗಲೂ ಆಗದೆ ಪ್ರಜ್ಞೆ ತಪ್ಪುತ್ತಾನೆ.

ಆಮೇಲೆ ನಡೆಯುವುದು ಬಹುತೇಕ ಒಂದೇ ರೀತಿ. ಸೆಂಟ್ರಿಂಗ್ ಬಿಚ್ಚಲು ಇಳಿದವನ ದನಿ ನಿಲ್ಲುತ್ತದೆ. ಕರೆಂಟ್ ಹೊಡೆಯಿತೇನೋ, ಕಾಲು ಜಾರಿತೇನೋ ಎಂದು ಎರಡನೆಯವನು ಇಳಿಯುತ್ತಾನೆ. ಅವನೂ ಮಾತಾಡದಾದಾಗ ಮೂರನೆಯವನು. ಹೆಚ್ಚಾಗಿ ಇವರು ಅಣ್ಣ ತಮ್ಮಂದಿರು, ಒಂದೇ ಊರಿನವರು, ಹಾಗಾಗಿ ಯಾರೂ ಯೋಚಿಸಿ ನಿಲ್ಲುವುದಿಲ್ಲ. ಒಂದೇ ಸಂಪಿನಿಂದ ಎರಡು ಮೂರು ಹೆಣ ತೆಗೆಯುವುದು ಈ ಕಾರಣಕ್ಕೆ.

ಇದನ್ನು ತಡೆಯಲು ಬೇಕಾದದ್ದು ಸ್ವಲ್ಪವೇ. ಸಂಪಿಗೆ ಎದುರುಬದುರು ಮೂಲೆಗಳಲ್ಲಿ ಎರಡು ತೂತು ಬಿಡಿಸಿದರೆ ಗಾಳಿ ಆಡುತ್ತದೆ. ನಕ್ಷೆಯ ಹಂತದಲ್ಲೇ ಎಂಜಿನಿಯರ್ ಇದನ್ನು ಮಾಡಬೇಕು. ಬಿಚ್ಚುವ ಹಿಂದಿನ ದಿನವೇ ಮುಚ್ಚಳ ತೆಗೆದು ನಿಂತ ನೀರನ್ನು ಪಂಪಿನಿಂದ ಖಾಲಿ ಮಾಡಿ, ಬ್ಲೋವರ್ ಇಟ್ಟು ಹೊರಗಿನ ಗಾಳಿ ತಳ ಮುಟ್ಟುವಂತೆ ಕೊಳವೆ ಬಿಡಬೇಕು. ಬರೀ ಮುಚ್ಚಳ ತೆರೆದಿಟ್ಟರೆ ತಳದ ಗಾಳಿ ಬದಲಾಗುವುದಿಲ್ಲ. ಆಮ್ಲಜನಕ ಅಳೆಯುವ ಮೀಟರನ್ನು ಹಗ್ಗಕ್ಕೆ ಕಟ್ಟಿ ತಳಕ್ಕಿಳಿಸಿ ನೋಡಿದ ಮೇಲೆಯೇ ಮನುಷ್ಯ ಇಳಿಯಬೇಕು. ದೀಪ ಹಚ್ಚಿ ಇಳಿಸಿ ನೋಡುವ ಹಳೆಯ ಪದ್ಧತಿಯನ್ನು ನಂಬಬಾರದು. ಮನುಷ್ಯನಿಗೆ ಅಪಾಯವಾಗುವಷ್ಟು ಆಮ್ಲಜನಕ ಇಳಿದಿದ್ದರೂ ದೀಪ ಉರಿಯುತ್ತಿರಬಹುದು, ವಾಟರ್‌ಪ್ರೂಫಿಂಗ್ ರಾಸಾಯನಿಕದ ಆವಿ ಇದ್ದರೆ ಬೆಂಕಿಯೇ ಹತ್ತಬಹುದು. ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಸಂಪಿನೊಳಗೆ ಇಳಿಸಿ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಕೊಲ್ಲುತ್ತದೆ.

ಇಳಿಯುವವನ ಮೈಗೆ ಹಾರ್ನೆಸ್ ಇರಬೇಕು, ಅದರ ಹಗ್ಗ ಮೇಲಿರುವ ಇಬ್ಬರ ಕೈಯಲ್ಲಿರಬೇಕು. ಅವರು ಬೇರೆ ಕೆಲಸಕ್ಕೆ ಹೋಗಬಾರದು, ಏನೇ ಆದರೂ ಇಳಿಯಬಾರದು. ಹಗ್ಗ ಎಳೆಯುವುದು, ಬ್ಲೋವರ್ ಜೋರು ಮಾಡುವುದು, 112ಕ್ಕೆ ಕರೆ ಮಾಡುವುದು, ಇಷ್ಟೇ ಅವರ ಕೆಲಸ. ಎಂಜಿನಿಯರ್ ಒಬ್ಬರು ಸೈಟಿನ ಎಲ್ಲರಿಗೂ ಒಂದೇ ಒಂದು ವಾಕ್ಯ ಕಲಿಸಬಹುದಾದರೆ ಇದನ್ನೇ ಕಲಿಸಬೇಕು: ಸಂಪಿನಲ್ಲಿ ಬಿದ್ದವನ ಹಿಂದೆ ಯಾರೂ ಇಳಿಯಬೇಡಿ.

ಮಕ್ಕಳು ಮತ್ತು ದಾರಿಹೋಕರು

ಸೈಟಿನಲ್ಲೇ ಶೆಡ್ಡು ಹಾಕಿ ಉಳಿಯುವ ಕುಟುಂಬಗಳ ಮಕ್ಕಳಿಗೆ ನೀರು ತುಂಬಿದ ಸಂಪು, ಲಿಫ್ಟಿನ ಗುಂಡಿಗಳೇ ಮೊದಲ ಅಪಾಯ. ತಾಯಿ ಕಲಸಿದ ಮಾಲು ಹೊರುತ್ತಿರುವಾಗ ಮಗು ಆಡುತ್ತಾ ಹೋಗುವುದು ಅಲ್ಲಿಗೇ. ಎಲ್ಲ ಗುಂಡಿಗೂ ಗಟ್ಟಿ ಮುಚ್ಚಳ ಅಥವಾ ಬೇಲಿ ಇರಬೇಕು. ಟಿಪ್ಪರ್, ಜೆಸಿಬಿ ಹಿಂದಕ್ಕೆ ಬರುವಾಗ ಹಿಂದೆ ನಿಂತು ಕೈ ತೋರಿಸುವ ಒಬ್ಬನಿಲ್ಲದೆ ಅದು ಚಲಿಸಕೂಡದು. ವಾಹನದ ನೆರಳಿನಲ್ಲಿ, ಮರಳಿನ ರಾಶಿಯ ಪಕ್ಕದಲ್ಲಿ ಮಕ್ಕಳನ್ನು ಮಲಗಿಸದಂತೆ ಬೇರೆಯೊಂದು ನೆರಳಿನ ಜಾಗ ಗೊತ್ತು ಮಾಡಿಕೊಡಬೇಕು.

ಅಪಾಯ ಬೇಲಿಯ ಹೊರಗೂ ಚಾಚುತ್ತದೆ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಎತ್ತರದ ಚೌಕಟ್ಟು ರಸ್ತೆಗೆ ಉರುಳಿ, ಬೈಕಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಎಳೆಯ ಮಗನನ್ನು ಬಲಿ ತೆಗೆದುಕೊಂಡಿತು. ಕಾಂಕ್ರೀಟ್ ಬೀಳುವ ಮೊದಲು ಕಾಲಂ ಸರಳುಗಳು ತಾವಾಗಿ ನಿಲ್ಲುವಂಥವಲ್ಲ. ಮನೆಯ ಕಾಲಂ ಆದರೂ ನಾಲ್ಕೂ ಕಡೆಗೆ ತಂತಿ ಎಳೆದು ಕಟ್ಟಬೇಕು. ಮೇಲಿಂದ ಇಟ್ಟಿಗೆ, ಹಲಗೆ ಬೀಳದಂತೆ ರಸ್ತೆ ಬದಿಗೆ ಬಲೆ, ಸಾರವೆಯ ಹಲಗೆಯ ಅಂಚಿಗೆ ಅರ್ಧ ಅಡಿಯ ತಡೆಪಟ್ಟಿ ಬೇಕು.

ಹೊಣೆ ಯಾರದು

ಕಟ್ಟಡ ಕಾರ್ಮಿಕರ ಸುರಕ್ಷತೆಗೆ ದೀರ್ಘಕಾಲ ಆಧಾರವಾಗಿದ್ದುದು 1996ರ ಕೇಂದ್ರ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2020 ಬಂದಿದೆ. 250 ಅಥವಾ ಹೆಚ್ಚು ಕಾರ್ಮಿಕರಿರುವ ನಿರ್ಮಾಣದಲ್ಲಿ ಸುರಕ್ಷತಾ ಅಧಿಕಾರಿ ಕಡ್ಡಾಯ. ಆದರೆ ಹತ್ತಕ್ಕಿಂತ ಕಡಿಮೆ ಜನರ ಕೆಲಸ, ಸ್ವಂತ ವಾಸಕ್ಕೆಂದು 50 ಲಕ್ಷ ರೂಪಾಯಿ ಒಳಗೆ ಕಟ್ಟಿಸುವ ಮನೆ ಈ ಸಂಹಿತೆಯ ಕಟ್ಟಡ ನಿರ್ಮಾಣದ ವ್ಯಾಖ್ಯೆಯಿಂದಲೇ ಹೊರಗಿವೆ. ನೋಡುವ ಕಣ್ಣು ಇಲ್ಲದ ಸಣ್ಣ ಸೈಟುಗಳೇ ಹೀಗೆ ಹೊರಗುಳಿದಿರುವುದು ದೊಡ್ಡ ಕೊರತೆ. ಹಾಗೆಂದು ಮಾಲೀಕ ನಿಶ್ಚಿಂತನಾಗಿರುವಂತಿಲ್ಲ. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಐದು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಅದಕ್ಕೆ ಸೈಟಿನ ಅಳತೆಯ ವಿನಾಯಿತಿ ಇಲ್ಲ.

ಬೆಂಗಳೂರಿನ ಸೈಟುಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಯವರ ಜೊತೆಗೆ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳದವರು ದುಡಿಯುತ್ತಾರೆ. ಕನ್ನಡದಲ್ಲಿ ಕೂಗಿದ ಎಚ್ಚರಿಕೆ ಹಲವರಿಗೆ ತಿಳಿಯುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಮೊದಲು ಹತ್ತು ನಿಮಿಷ ಎಲ್ಲರನ್ನೂ ನಿಲ್ಲಿಸಿ, ಅಂದಿನ ಕೆಲಸದ ಅಪಾಯವನ್ನು ಅವರವರ ಭಾಷೆ ಬಲ್ಲವರಿಂದ ಹೇಳಿಸಬೇಕು. ಹೊಸದಾಗಿ ಬಂದವನನ್ನು ಮೊದಲ ವಾರ ಎತ್ತರಕ್ಕೆ ಹತ್ತಿಸಬಾರದು. ಇಲ್ಲಿ ಹತ್ತುವುದು ಅಪಾಯ ಎಂದು ಹೇಳಿದ ಕೂಲಿಯವನ ಆ ದಿನದ ಸಂಬಳ ಕಡಿಯಬಾರದು. ಅವನಿಗೆ ಬಾಯಿ ಬಿಡುವ ಧೈರ್ಯವಿದ್ದರೆ ಅಪಘಾತ ಆಗುವ ಮೊದಲೇ ತಿಳಿಯುತ್ತದೆ.

ಅಪಘಾತ ಆದಾಗ

ಬಿದ್ದವನನ್ನು ಕೈಕಾಲು ಹಿಡಿದು ಎತ್ತಿ ಆಟೊದಲ್ಲಿ ಮಡಚಿ ಕೂರಿಸಿದರೆ, ಅಷ್ಟು ಹೊತ್ತಿಗೆ ಉಳಿದಿದ್ದ ಬೆನ್ನುಹುರಿಯೂ ಹೋಗಬಹುದು. ಅಲುಗಿಸದೆ 108 ಅಥವಾ 112ಕ್ಕೆ ಕರೆ ಮಾಡಿ, ಉಸಿರು ಆಡುತ್ತಿದೆಯೇ ನೋಡುತ್ತಾ ಇರಬೇಕು. ಸಾಗಿಸಲೇಬೇಕಾದರೆ ಸೆಂಟ್ರಿಂಗ್ ಹಲಗೆಯ ಮೇಲೆ ತಲೆ, ಬೆನ್ನು, ಕಾಲು ಒಂದೇ ನೇರದಲ್ಲಿರುವಂತೆ ನಾಲ್ಕು ಜನ ಸೇರಿ ಮಲಗಿಸಬೇಕು. ವಿದ್ಯುತ್ ತಗುಲಿದವನನ್ನು ಮುಟ್ಟುವ ಮೊದಲು ಮೇನ್ ಆರಿಸಬೇಕು. ಮಣ್ಣಿನಡಿ ಸಿಕ್ಕವನನ್ನು ಜೆಸಿಬಿಯಿಂದ ಕೆದಕದೆ, ಕುಸಿದ ಅಂಚಿಗೆ ಆಸರೆ ಕೊಟ್ಟು ಕೈಯಿಂದ ಬಿಡಿಸಬೇಕು. ಮೊದಲು ಬಾಯಿ ಮೂಗು, ನಂತರ ಎದೆ. ಹತ್ತಿರದ ಆಸ್ಪತ್ರೆಯ ಹೆಸರು, ದಾರಿ ಮತ್ತು ಸೈಟಿನ ಪೂರ್ತಿ ವಿಳಾಸವನ್ನು ಗೋಡೆಯ ಮೇಲೆ ಕನ್ನಡ, ಹಿಂದಿ ಎರಡರಲ್ಲೂ ಬರೆದಿಟ್ಟಿದ್ದರೆ ಗಾಬರಿಯಲ್ಲಿ ಫೋನ್ ಮಾಡುವವನಿಗೆ ಓದಿ ಹೇಳಲು ಆಗುತ್ತದೆ.

ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರಿಗೆ ಅಪಘಾತ ಪರಿಹಾರ, ಕುಟುಂಬಕ್ಕೆ ನೆರವು ಸಿಗುತ್ತದೆ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ನೋಂದಾಯಿಸಬಹುದು. ಆ 90 ದಿನಕ್ಕೆ ಕೆಲಸ ಕೊಟ್ಟವರ ಪ್ರಮಾಣಪತ್ರ ಬೇಕಾಗುತ್ತದೆ. ಎಷ್ಟೋ ಜನ ಕಾರ್ಮಿಕರಿಗೆ ಸಿಗದೆ ಹೋಗುವುದು ಆ ಒಂದು ಸಹಿ. ಮನೆ ಕಟ್ಟಿಸುತ್ತಿರುವವರು ಈ ವಾರವೇ ಸೈಟಿಗೆ ಹೋಗಿ ಯಾರ ಬಳಿ ಮಂಡಳಿಯ ಕಾರ್ಡ್ ಇಲ್ಲವೆಂದು ಕೇಳಲಿ, ಇಲ್ಲದವರಿಗೆ ಸಹಿ ಮಾಡಿಕೊಡಲಿ.